ಊರ ವರ್ತಮಾನದ ಬಲ: ‘ಮಂಗಳೂರ ಸಮಾಚಾರ’ದ ಎಂಟು ತಿಂಗಳು

ಜುಲೈ 1 ಬಂದರೆ ಕರ್ನಾಟಕದಲ್ಲಿ ಪತ್ರಿಕಾ ದಿನ. ಊರೂರಲ್ಲಿ ಸನ್ಮಾನ, ಶಾಲು, ಭಾಷಣ. ಪ್ರತಿ ಭಾಷಣದಲ್ಲೂ ಒಂದು ಸಾಲು ಇದ್ದೇ ಇರುತ್ತದೆ: 1843ರ ಇದೇ ದಿನ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಸಾಲು ಮುಗಿಯುತ್ತದೆ, ಚಪ್ಪಾಳೆ ಬೀಳುತ್ತದೆ, ಮುಂದಿನ ಭಾಷಣಕಾರರು ಏಳುತ್ತಾರೆ. ಆ ಪತ್ರಿಕೆಯನ್ನು ಯಾರು ಓದಿದರು, ಯಾಕೆ ಓದಿದರು, ಊರಿಗೆ ಅದರಿಂದ ಏನು ಉಪಕಾರವಾಯಿತು, ಅಷ್ಟು ಜನಪ್ರಿಯವಾದದ್ದು ಎಂಟೇ ತಿಂಗಳಿಗೆ ಮಂಗಳೂರು ಬಿಟ್ಟು ಹೋದದ್ದು ಹೇಗೆ ಎಂದು ಕೇಳುವವರು ಕಡಿಮೆ.

ಕೇಳಬೇಕಾದವರಂತೂ ಇದ್ದಾರೆ. ಮಂಗಳೂರು, ಉಡುಪಿ ಕಡೆ ಊರಿನ ಸುದ್ದಿಗೆಂದೇ ಬ್ಲಾಗನ್ನೋ ಜಾಲತಾಣವನ್ನೋ ಫೇಸ್‌ಬುಕ್ ಪುಟವನ್ನೋ ನಡೆಸುವವರಿಗೆ ಇವತ್ತು ಬರವಿಲ್ಲ. ಹೆಚ್ಚಿನವು ಒಬ್ಬಿಬ್ಬರ ಕೆಲಸ. ಹಗಲು ಬೇರೆ ಉದ್ಯೋಗ, ರಾತ್ರಿ ಊಟ ಆದ ಮೇಲೆ ಬರಹ. ಓದುಗರನ್ನು ಎಲ್ಲಿಂದ ತರುವುದು, ಬಂದವರನ್ನು ಉಳಿಸಿಕೊಳ್ಳುವುದು ಹೇಗೆ ಎಂಬ ಅವರ ಪ್ರಶ್ನೆ ಮೊಗ್ಲಿಂಗರ ಮುಂದೆಯೂ ಇತ್ತು. ಮೊಗ್ಲಿಂಗರ ಕೈಯಲ್ಲಿ ಇದ್ದದ್ದು ನಾಲ್ಕು ಪುಟ, ಒಂದು ಕಲ್ಲಚ್ಚು (ಕಲ್ಲಿನ ಮೇಲೆ ಬರೆದು ಒತ್ತುವ ಮುದ್ರಣ), ಹದಿನೈದು ದಿನಕ್ಕೊಮ್ಮೆ ಹೊರಡಿಸುವಷ್ಟು ತ್ರಾಣ. ‘ಮೊದಲ ಪತ್ರಿಕೆ’ ಎಂಬ ಪಟ್ಟವನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಒಂದು ಊರಿನ ಪುಟ ಎಂಬ ಲೆಕ್ಕದಲ್ಲಿ ಅದನ್ನು ನೋಡುತ್ತಿದ್ದೇನೆ.

ಬಾಯಿಮಾತಿನ ಊರು

1799ರಲ್ಲಿ ಟಿಪ್ಪು ಬಿದ್ದ ಮೇಲೆ ಈ ಕರಾವಳಿ ಈಸ್ಟ್ ಇಂಡಿಯಾ ಕಂಪೆನಿಯ ಕೈಸೇರಿತು. ಕೆನರಾ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿತ್ತು. ಉತ್ತರ, ದಕ್ಷಿಣ ಎಂದು ಇನ್ನೂ ಒಡೆದಿರಲಿಲ್ಲ. ಕಂಪೆನಿಯ 1833ರ ಸನ್ನದು ಕಾಯಿದೆ ಇಂಗ್ಲಿಷರಲ್ಲದ ಮಿಷನರಿಗಳಿಗೂ ಬಾಗಿಲು ತೆರೆಯಿತು. ಮರುವರ್ಷವೇ ಬಾಸೆಲ್ ಮಿಷನ್ನಿನ ಮೂವರು ಮಂಗಳೂರಿಗೆ ಬಂದರು. ಮೊಗ್ಲಿಂಗ್ ಬಂದದ್ದು 1836ರಲ್ಲಿ, ಇಪ್ಪತ್ತೈದರ ಹರೆಯದಲ್ಲಿ. ಹುಟ್ಟಿದ್ದು ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬಲ್ಲಿ.

ಅವರು ಬಂದ ಮರುವರ್ಷ, 1837ರ ಏಪ್ರಿಲಿನಲ್ಲಿ, ಮಂಗಳೂರು ಕಂಡದ್ದು ಸಣ್ಣ ಗದ್ದಲವೇನಲ್ಲ. 1834ರಲ್ಲಿ ಕೊಡಗನ್ನು ನುಂಗಿದ ಕಂಪೆನಿ ಅಮರ ಸುಳ್ಯ ಭಾಗವನ್ನು ಕೆನರಾಕ್ಕೆ ಸೇರಿಸಿತ್ತು. ಅಲ್ಲಿಯವರೆಗೆ ಧಾನ್ಯದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕೇಳತೊಡಗಿತ್ತು. ರೈತರು ಎದ್ದರು. ಹಾಲೇರಿ ಅರಸುಮನೆತನದ ಕಲ್ಯಾಣಸ್ವಾಮಿಯೇ ಬಂದಿದ್ದಾನೆ ಎಂಬ ಮಾತು ಊರಿಂದೂರಿಗೆ ಹಬ್ಬಿತು. ಮುಂದೆ ನಿಂತದ್ದು ಆ ಹೆಸರು ಹೊತ್ತ ಪುಟ್ಟಬಸಪ್ಪ. ದಂಡು ಮಂಗಳೂರಿಗೆ ಬಂದು ಬಾವುಟಗುಡ್ಡೆಯಲ್ಲಿ ಬಾವುಟ ಏರಿಸಿ ಎರಡು ವಾರದ ಹತ್ತಿರ ಊರನ್ನು ಹಿಡಿದುಕೊಂಡಿತು. ಕಂಪೆನಿಯ ಅಧಿಕಾರಿಗಳು ಕಣ್ಣೂರಿನ ಕಡೆಗೆ ಓಡಿದರು. ಆಮೇಲೆ ಪಡೆ ಬಂತು, ಗಲ್ಲುಗಳಾದವು.

ಇಡೀ ಘಟನೆ ಬಾಯಿಮಾತಿನ ಮೇಲೆಯೇ ನಡೆಯಿತು. ಅರಸನ ಗುರುತೂ ಬಾಯಿಮಾತು, ದಂಡು ಎಲ್ಲಿಗೆ ಮುಟ್ಟಿತು ಎಂಬುದೂ ಬಾಯಿಮಾತು, ಕಂಪೆನಿಯ ಪಡೆ ಯಾವಾಗ ಮರಳುತ್ತದೆ ಎಂಬುದೂ ಬಾಯಿಮಾತು. ಅಂಗಡಿ ತೆರೆಯಬೇಕೋ ಮುಚ್ಚಬೇಕೋ ಎಂದು ಒಬ್ಬ ವ್ಯಾಪಾರಿ ತೀರ್ಮಾನಿಸಬೇಕಾದದ್ದು ಇಂಥ ಮಾತುಗಳನ್ನು ನಂಬಿ. ಆ ನೆನಪು ಇನ್ನೂ ಹಸಿಯಾಗಿದ್ದ ಊರಿನಲ್ಲಿ, ಆರು ವರ್ಷ ಕಳೆದು, ಗಾಳಿಸುದ್ದಿಯ ಬದಲು ಖಚಿತ ಸಂಗತಿಯನ್ನು ಜನರ ಕೈಗೆ ಕೊಡುತ್ತೇನೆ ಎಂದು ಒಂದು ಕಾಗದ ಹೊರಟಿತು. ಗಿರಾಕಿ ಯಾಕೆ ಸಿಕ್ಕಿದ ಎಂಬುದಕ್ಕೆ ಅರ್ಧ ಉತ್ತರ ಇಲ್ಲೇ ಇದೆ. ಓದುಗ ಹುಟ್ಟುವುದು ಬರೆಯುವವನ ಉಮೇದಿನಿಂದ ಅಲ್ಲ. ಮೊದಲೇ ಊರಿನಲ್ಲಿ ಒಂದು ಕೊರತೆ ಇರಬೇಕು, ಅದರ ಬಿಸಿ ತಟ್ಟಿರಬೇಕು.

ಇವತ್ತಿನ ಕೊರತೆ ಬೇರೆ ಎಂದುಕೊಳ್ಳುವವರು 2019ರ ಡಿಸೆಂಬರನ್ನು ನೆನೆಯಬಹುದು. ಪೌರತ್ವ ಕಾಯಿದೆ ವಿರುದ್ಧದ ಪ್ರತಿಭಟನೆಯಲ್ಲಿ ಮಂಗಳೂರಿನಲ್ಲಾದ ಗೋಲಿಬಾರಿನ ನಂತರ ದಕ್ಷಿಣ ಕನ್ನಡದಲ್ಲಿ 48 ಗಂಟೆ ಮೊಬೈಲ್ ಇಂಟರ್ನೆಟ್ ನಿಲ್ಲಿಸಿದರು. ಕೈಯಲ್ಲಿ ಸ್ಮಾರ್ಟ್‌ಫೋನ್ ಹಿಡಿದವರೂ ಪಕ್ಕದ ರಸ್ತೆಯಲ್ಲಿ ಏನಾಗುತ್ತಿದೆ ಎಂದು ತಿಳಿಯಲು ಫೋನ್ ಕರೆಗೂ ಅವರಿವರ ಮಾತಿಗೂ ಕಿವಿಕೊಡಬೇಕಾಯಿತು.

ಇನ್ನೊಂದು ಸಂಗತಿ. 1843ರ ಜುಲೈ 1 ಶನಿವಾರ. ತುಳುವರ ಲೆಕ್ಕದಲ್ಲಿ ಕಾರ್ತೆಲ್ ತಿಂಗಳು, ಮುಂದೆ ಆಟಿ. ಹಾಯಿಹಡಗುಗಳು ಕಡಲಿಗೆ ಇಳಿಯದ ಕಾಲ, ಹೊಳೆ ದಾಟಲು ಕಷ್ಟದ ಕಾಲ. ಹೊರಗಿನ ಸುದ್ದಿ ಊರಿಗೆ ಬರುವುದು ವರ್ಷದಲ್ಲೇ ಅತಿ ಕಡಿಮೆ, ಜನ ಮನೆಯೊಳಗೆ ಕೂತಿರುವುದು ಅತಿ ಹೆಚ್ಚು. ಬೇಕೆಂದೇ ಆರಿಸಿದ ದಿನವೋ ಅಲ್ಲವೋ, ಹೊಸ ಕಾಗದಕ್ಕೆ ಇದಕ್ಕಿಂತ ಹಸಿದ ಓದುಗ ಬೇರೆ ತಿಂಗಳಲ್ಲಿ ಸಿಗುತ್ತಿರಲಿಲ್ಲ.

ತುಳುವಿನ ಪೇಟೆಯಲ್ಲಿ ಕನ್ನಡದ ಕಾಗದ

ಮಂಗಳೂರಿನ ಪೇಟೆಯಲ್ಲಿ ಆಗ ಕೇಳಿಸುತ್ತಿದ್ದದ್ದು ತುಳು, ಕೊಂಕಣಿ, ಬ್ಯಾರಿ. ಈಗಲೂ ಹಾಗೆಯೇ. ಮಿಷನ್ನಿಗೆ ತುಳು ಗೊತ್ತಿರಲಿಲ್ಲ ಎಂದೇನಲ್ಲ: 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಶುರುವಾದ ಮರುವರ್ಷವೇ ಮತ್ತಾಯನ ಸುವಾರ್ತೆ ತುಳುವಿನಲ್ಲಿ, ಕನ್ನಡ ಲಿಪಿಯಲ್ಲಿ ಅಚ್ಚಾಗಿತ್ತು. ಆದರೂ ಸಮಾಚಾರ ಹೊರಟದ್ದು ಕನ್ನಡದಲ್ಲಿ.

ಓದಬಲ್ಲವರು ಯಾರು ಎಂದು ನೋಡಿದರೆ ಕಾರಣ ತಿಳಿಯುತ್ತದೆ. ಕಚೇರಿಯ ಗುಮಾಸ್ತ, ಶಾನುಭೋಗ, ಶಾಲೆಯ ಮೇಷ್ಟ್ರು, ಲೆಕ್ಕ ಬರೆಯುವ ವ್ಯಾಪಾರಿ. ಇವರು ಮನೆಯಲ್ಲಿ ಏನೇ ಮಾತಾಡಲಿ, ಕಾಗದದ ಮೇಲೆ ಕನ್ನಡದವರು. ಮಿಷನ್ 1838ರಲ್ಲಿ ತೆರೆದ ಶಾಲೆಯಿಂದ ಹೊಸ ಓದುಗರೂ ತಯಾರಾಗುತ್ತಿದ್ದರು. ಎಲ್ಲರಿಗೂ ತಲುಪುತ್ತೇನೆ ಎಂದು ಹೊರಟಿದ್ದರೆ ಯಾರಿಗೂ ತಲುಪುತ್ತಿರಲಿಲ್ಲ. ಇವರಲ್ಲಿ ಒಬ್ಬೊಬ್ಬನೂ ಹತ್ತು ಜನರಿಗೆ ಓದಿ ಹೇಳಬಲ್ಲವನು, ಹೇಳುವಾಗ ತುಳುವಿಗೋ ಕೊಂಕಣಿಗೋ ತಿರುಗಿಸಬಲ್ಲವನು. ಕೈಗೆ ಕಾಗದ ಹಿಡಿದವರಿಗಿಂತ ಜಗಲಿಯಲ್ಲಿ ಕೂತು ಕೇಳಿದವರು ಹೆಚ್ಚಿದ್ದಿರಬೇಕು.

ಈ ಹಂಚಿಕೆ ಈಗಲೂ ಅಳಿದಿಲ್ಲ. ನಮ್ಮ ಕಡೆ ಊರಿನ ಪುಟಗಳಲ್ಲಿ ಬರಹ ಕನ್ನಡದಲ್ಲಿ, ವಿಡಿಯೊ ತುಳುವಿನಲ್ಲಿ. ಕಾಮಿಡಿ, ಕಂಬಳದ ಕಾಮೆಂಟರಿ, ಮೀನಿನ ರೇಟು ತುಳುವಿನಲ್ಲಿ ಕಿವಿಗೆ. ಅಧಿಸೂಚನೆ, ದಿನಾಂಕ, ಅರ್ಜಿ ನಮೂನೆ ಕನ್ನಡದಲ್ಲಿ ಕಣ್ಣಿಗೆ. ಯಾರೂ ಕೂತು ಯೋಜಿಸಿದ್ದಲ್ಲ, ತಾನಾಗಿ ಹಾಗೆ ಬಿದ್ದದ್ದು.

ನಾಲ್ಕು ಪುಟಗಳ ಒಳಗೆ

ಪತ್ರಿಕೆಯ ವಿಭಾಗಗಳನ್ನು ಗಮನಿಸಿ. ಊರ ವರ್ತಮಾನ, ಸರಕಾರದ ನಿರೂಪಗಳು, ಸರ್ವರಾಜ್ಯ ವರ್ತಮಾನಗಳು, ಹೊಸದಾದ ಆಶ್ಚರ್ಯದ ಸುದ್ದಿಗಳು, ಸುಬುದ್ಧಿಗಳು, ಕಥೆಗಳು. ಮಿಷನರಿಯ ಕಾಗದ ಎಂದ ಕೂಡಲೇ ನಾಲ್ಕೂ ಪುಟ ಉಪದೇಶ ಇರಬೇಕೆಂದು ಎಣಿಸುವವರಿಗೆ ಈ ಪಟ್ಟಿಯೇ ಉತ್ತರ. ಸುಬುದ್ಧಿ ಇದೆ, ಅದಕ್ಕೆ ಮುಂಚೆ ಊರು ಇದೆ, ಸರಕಾರ ಇದೆ, ಲೋಕ ಇದೆ.

ಕಥೆ, ಆಶ್ಚರ್ಯ ಸುದ್ದಿಗಳ ಕೆಲಸ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಜನ ಕೂತು ಕೇಳುವುದು ಯಾವುದನ್ನು ಎಂಬ ಸೂಕ್ಷ್ಮ ಮೊಗ್ಲಿಂಗರಿಗಿತ್ತು. ಮುಂದೆ 1848ರಿಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚು ಹಾಕಿಸಿದ್ದೂ ಇದೇ ಕಿವಿ.

ಸರಕಾರದ ನಿರೂಪದ ಬಗ್ಗೆ ಸ್ವಲ್ಪ ನಿಲ್ಲಬೇಕು. ಕಂಪೆನಿಯ ಆಜ್ಞೆಗಳು ಕಚೇರಿಯ ಗೋಡೆಯೊಳಗೆ ಹುಟ್ಟಿ, ಅಮಲ್ದಾರ, ಶಾನುಭೋಗ, ಪಟೇಲ ಎಂದು ಇಳಿಯುತ್ತಾ ರೈತನ ಕಿವಿಗೆ ಬೀಳುವಾಗ ಅವುಗಳ ರೂಪವೇ ಬೇರೆ ಆಗಿರುತ್ತಿತ್ತು. ನಡುವೆ ನಿಂತವನು ಏನು ಹೇಳಿದನೋ ಅದೇ ಕಾನೂನು. ಅದೇ ಆಜ್ಞೆ ಕಾಗದದಲ್ಲಿ ಅಚ್ಚಾಗಿ ಪೇಟೆಯಲ್ಲಿ ಮಾರಾಟವಾದರೆ ನಡುವಿನವನ ಅಧಿಕಾರಕ್ಕೆ ಸ್ವಲ್ಪ ಪೆಟ್ಟು. ಊರಿಗೆ ಸಲ್ಲಿದ ನಿಜವಾದ ಸೇವೆ ಇದು. ಈ ವಿಭಾಗ ಓದಲು ಬೇಸರ ತರುವಂಥದ್ದೇ, ಆದರೆ ಹದಿನೈದು ದಿನ ಬಿಟ್ಟು ಮತ್ತೆ ಕಾಗದ ಕೊಳ್ಳುವಂತೆ ಮಾಡುವುದೂ ಇದೇ.

ಈಗ ಊರ ವರ್ತಮಾನಕ್ಕೆ ಬರೋಣ. ಈ ಪ್ರಕರಣದ ತಿರುಳು ಇಲ್ಲಿದೆ ಎಂದು ನನ್ನ ಎಣಿಕೆ. ಯುರೋಪಿನ ಯುದ್ಧದ ಬಗ್ಗೆ ಕಾಗದದಲ್ಲಿ ತಪ್ಪು ಬರೆದರೆ ಮಂಗಳೂರಿನ ಓದುಗನಿಗೆ ಗೊತ್ತಾಗುವ ಸಂಭವವೇ ಇಲ್ಲ. ಮದರಾಸಿನ ಸುದ್ದಿಯೂ ಹಾಗೆಯೇ. ಊರಿನ ಸುದ್ದಿ ಮಾತ್ರ ಓದುಗನೇ ಹೋಗಿ ನೋಡಬಲ್ಲದ್ದು. ಬಂದರಿನಲ್ಲಿ ಏನಾಯಿತು ಎಂದು ಬರೆದರೆ ಬಂದರಿನಲ್ಲಿ ಅವನ ಭಾವ ಇದ್ದಾನೆ. ಪಕ್ಕದ ಕೇರಿಯಲ್ಲಿ ಬೆಂಕಿ ಬಿತ್ತು ಎಂದು ಬರೆದರೆ ಆ ಹೊಗೆಯನ್ನು ಅವನೇ ಕಂಡಿದ್ದಾನೆ. ಊರ ವರ್ತಮಾನ ಎಂದರೆ ಪತ್ರಿಕೆ ಪ್ರತಿ ಹದಿನೈದು ದಿನಕ್ಕೊಮ್ಮೆ ಓದುಗನ ಮುಂದೆ ಬರೆಯುವ ಪರೀಕ್ಷೆ. ಅದರಲ್ಲಿ ಪಾಸಾದ ಮೇಲೆಯೇ ಅವನು ಸರ್ವರಾಜ್ಯ ವರ್ತಮಾನವನ್ನು ನಂಬುವುದು, ನಿರೂಪವನ್ನು ನಂಬುವುದು, ಸುಬುದ್ಧಿಗೆ ಕಿವಿಗೊಡುವುದು. ವಿಭಾಗಗಳ ಪೈಕಿ ಸಣ್ಣದಾಗಿ ಕಾಣುವ ಇದು ಉಳಿದ ಎಲ್ಲದರ ಜಾಮೀನು.

ನಮ್ಮ ಕಾಲದ ಊರ ಪುಟಗಳಲ್ಲಿ ಹೆಚ್ಚಿನವು ಸೋಲುವುದು ಈ ಜಾಮೀನು ಕೊಡದೆ. ಬೆಂಗಳೂರಿನ ರಾಜಕೀಯ, ದಿಲ್ಲಿಯ ರಾಜಕೀಯ, ಸಿನಿಮಾ, ಕ್ರಿಕೆಟ್ಟು ಎಲ್ಲ ಬೇರೆಡೆಯಿಂದ ಎತ್ತಿ ಹಾಕಿ, ನಡುವೆ ಊರಿನದ್ದು ಎರಡು ತುಣುಕು. ಕ್ಲಿಕ್ ಬರಬಹುದು, ಓದುಗ ಉಳಿಯುವುದಿಲ್ಲ. ಅದೇ ಸುದ್ದಿ ಅವನಿಗೆ ನೂರು ಕಡೆ ಸಿಗುತ್ತದೆ. ಮಲ್ಪೆಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ, ನಾಡದೋಣಿಗೆ ವಿನಾಯಿತಿ, ಈ ಅವಧಿಯಲ್ಲಿ ಮಾರ್ಕೆಟ್ಟಿಗೆ ಬರುವ ಮೀನು ಎಲ್ಲಿಯದು, ಐಸ್‌ಪ್ಲಾಂಟಿನ ಕೆಲಸಗಾರರು ಆ ಎರಡು ತಿಂಗಳು ಏನು ಮಾಡುತ್ತಾರೆ ಎಂದು ಬರೆದ ಪುಟವನ್ನು ಓದುಗ ಸಂಜೆ ಮಾರ್ಕೆಟ್ಟಿಗೆ ಹೋಗಿ ತಾಳೆ ನೋಡುತ್ತಾನೆ. ಸರಿ ಇದ್ದರೆ ಮುಂದಿನ ವರ್ಷವೂ ಅಲ್ಲೇ ಬರುತ್ತಾನೆ. ಉಡುಪಿಯ ಪರ್ಯಾಯ ಎರಡು ವರ್ಷಕ್ಕೊಮ್ಮೆ, ಜನವರಿ 18ರಂದು. ಅದರ ವೈಭವದ ಬಗ್ಗೆ ಎಲ್ಲರೂ ಬರೆಯುತ್ತಾರೆ. ಆ ರಾತ್ರಿ ಕಲ್ಸಂಕದಿಂದ ಮುಂದೆ ಗಾಡಿ ಬಿಡುತ್ತಾರೋ ಇಲ್ಲವೋ, ಪಾರ್ಕಿಂಗ್ ಎಲ್ಲಿ ಎಂದು ಬರೆದವನನ್ನು ಜನ ನೆನಪಿಟ್ಟುಕೊಳ್ಳುತ್ತಾರೆ. ಯಕ್ಷಗಾನ ಮೇಳಗಳ ‘ಇಂದಿನ ಆಟ’ದ ಪಟ್ಟಿಯನ್ನು ನಮ್ಮ ಪತ್ರಿಕೆಗಳು, ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಯವರೆಗೆ ಬಿಡದೆ ಹಾಕುವುದೂ ಇದೇ ಗುಟ್ಟಿನಿಂದ. ಧರ್ಮಸ್ಥಳ ಮೇಳ ಇವತ್ತು ಎಲ್ಲಿ, ಮಂದಾರ್ತಿ ಮೇಳ ಎಲ್ಲಿ ಎಂಬ ಒಂದು ಸಾಲು ತಪ್ಪಾದರೆ ಮಧ್ಯರಾತ್ರಿ ಖಾಲಿ ಗದ್ದೆಯಲ್ಲಿ ನಿಂತವನು ಮರುದಿನ ಬೈಯುವುದು ಖಂಡಿತ.

ಊರಿನವರು ಊರಲ್ಲೇ ಇರುವುದಿಲ್ಲ ಎಂಬ ಮಾತೂ ಇದೆ. ಮುಂಬಯಿ, ಬೆಂಗಳೂರು, ದುಬೈ, ಕುವೈತಿನಲ್ಲಿ ಕೂತವರಿಗೆ ಊರ ವರ್ತಮಾನದ ಹಸಿವು ಇಲ್ಲಿಯವರಿಗಿಂತ ದೊಡ್ಡದು. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಕೆಂಜಾರಿನಲ್ಲಿ ರನ್‌ವೇ ದಾಟಿ ಕಮರಿಗೆ ಬಿದ್ದು 158 ಜನ ಸತ್ತರು, ಎಂಟು ಮಂದಿ ಉಳಿದರು. ಆ ದಿನ ಕೊಲ್ಲಿಯಲ್ಲಿದ್ದ ಮನೆಯವರಿಗೆ ಬೇಕಾದದ್ದು ವಿಶ್ಲೇಷಣೆ ಅಲ್ಲ, ಹೆಸರುಗಳು. ಯಾವ ಊರಿನ ಯಾರು, ಯಾವ ಆಸ್ಪತ್ರೆ. ದೇಶದ ಚಾನೆಲ್‌ಗಳಿಗೆ ವಿಮಾನ ನಿಲ್ದಾಣದ ಊರು ಬಜಪೆ ಎಲ್ಲಿ ಎಂದು ತಿಳಿಯುವ ಮೊದಲೇ ಊರಿನ ತಾಣಗಳಿಗೆ ಅದು ಅಂಗೈ ಗೆರೆ.

ಕಲ್ಲಿನ ಮೇಲೆ ಬರೆದದ್ದು

ಕನ್ನಡದ ಮೊದಲ ಪತ್ರಿಕೆ ಕೈಬರಹದ್ದು ಎಂದರೆ ಹಲವರಿಗೆ ಆಶ್ಚರ್ಯ. ಕಲ್ಲಚ್ಚು 1790ರ ದಶಕದ ಕೊನೆಯಲ್ಲಿ ಬವೇರಿಯಾದಲ್ಲಿ ಅಲೋಯಿಸ್ ಸೆನೆಫೆಲ್ಡರ್ ಕಂಡುಹಿಡಿದ ವಿಧಾನ. ನುಣುಪಾದ ಸುಣ್ಣಗಲ್ಲಿನ ಮೇಲೆ ಎಣ್ಣೆಯ ಅಂಶವಿರುವ ಶಾಯಿಯಲ್ಲಿ ಬರೆದು, ಕಲ್ಲನ್ನು ಒದ್ದೆ ಮಾಡಿ, ಮಸಿ ಉರುಳಿಸಿದರೆ ಮಸಿ ಅಕ್ಷರಕ್ಕೆ ಮಾತ್ರ ಹಿಡಿಯುತ್ತದೆ. ನೀರಿದ್ದ ಜಾಗ ಅದನ್ನು ದೂರ ತಳ್ಳುತ್ತದೆ. ಕಾಗದ ಒತ್ತಿದರೆ ಪ್ರತಿ ಸಿದ್ಧ. ಕಲ್ಲನ್ನು ಉಜ್ಜಿ ಮತ್ತೆ ಬಳಸಬಹುದು.

ಕನ್ನಡಕ್ಕೆ ಇದರ ಲಾಭ ದೊಡ್ಡದು. ಕಾಗುಣಿತ, ಒತ್ತಕ್ಷರ ಎಲ್ಲಕ್ಕೂ ಸೀಸದ ಮೊಳೆ ಎರಕ ಹೊಯ್ಯಬೇಕೆಂದರೆ ನೂರಾರು ಅಚ್ಚು, ಅಷ್ಟಕ್ಕೂ ಹಣ. ಕಲ್ಲಚ್ಚಿಗೆ ಒಳ್ಳೆಯ ಕೈಬರಹದ ಒಬ್ಬ ಲಿಪಿಕಾರ ಸಾಕು. ಪುಟ ನೋಡುವಾಗ ಓದುಗನಿಗೆ ತನಗೆ ಪರಿಚಯದ ಕಡತದ ಬರಹವನ್ನೇ ಕಂಡ ಹಾಗೆ. ನಷ್ಟವೂ ಇದೆ. ಪ್ರತಿ ಪುಟವನ್ನೂ ಹೊಸದಾಗಿ ಬರೆಯಬೇಕು, ತಪ್ಪಾದರೆ ತಿದ್ದುವುದು ಕಷ್ಟ, ಒತ್ತುವುದು ನಿಧಾನ. ಬೇಡಿಕೆ ಏರಿದ ಕೂಡಲೇ ಕಲ್ಲು ಹಿಂದೆ ಬೀಳುತ್ತದೆ.

ಒಂದು ಉಪಕಥೆ ಹೇಳದೆ ಮುಂದೆ ಹೋಗಲಾರೆ. ನಮ್ಮ ಊರುಗಳ ವಾಟ್ಸಾಪ್ ಗುಂಪುಗಳಲ್ಲಿ ಇವತ್ತು ಹರಿಯುವ ಕನ್ನಡ ಬಹುಪಾಲು ಚಿತ್ರ. ಬ್ರಹ್ಮಕಲಶದ ಆಮಂತ್ರಣ, ರಕ್ತದಾನ ಶಿಬಿರ, ಕಂಬಳದ ದಿನಾಂಕ, ಶ್ರದ್ಧಾಂಜಲಿ, ಎಲ್ಲ ಬಣ್ಣದ ಪೋಸ್ಟರ್. ಅಕ್ಷರ ಚೆಂದ ಉಂಟು, ಆದರೆ ಗೂಗಲ್‌ನಲ್ಲಿ ಹುಡುಕಿದರೆ ಸಿಗುವುದು ಕಷ್ಟ, ಕಣ್ಣು ಕಾಣದವರ ಫೋನ್ ಅದನ್ನು ಓದಿ ಹೇಳುವುದೂ ಅಷ್ಟಕ್ಕಷ್ಟೆ, ಮುಂದಿನ ವರ್ಷಕ್ಕೆ ಯಾರ ಬಳಿಯೂ ಉಳಿಯುವುದಿಲ್ಲ. ಯೂನಿಕೋಡ್ ಬರುವ ಮೊದಲು ಒಂದೊಂದು ಕನ್ನಡ ತಾಣಕ್ಕೂ ಬೇರೆ ಬೇರೆ ಫಾಂಟ್ ಇಳಿಸಿಕೊಳ್ಳಬೇಕಿದ್ದ ಕಾಲವನ್ನು ದಾಟಿ ಬಂದವರು ನಾವು. ದಾಟಿದ ಮೇಲೆ ಮತ್ತೆ ಕಲ್ಲಚ್ಚಿಗೇ ಮರಳಿದ್ದೇವೆ. ಊರಿನ ಪುಟ ನಡೆಸುವವರು ಇಂಥ ಪೋಸ್ಟರಿನ ಕೆಳಗೆ ಅದರ ಪಠ್ಯವನ್ನು ನಾಲ್ಕು ಸಾಲು ಟೈಪ್ ಮಾಡಿ ಹಾಕಿದರೆ, ‘ಕಂಬಳ ಯಾವತ್ತು’ ಎಂದು ಹುಡುಕುವವನು ನೇರವಾಗಿ ಅವರ ಮನೆಗೆ ಬಂದು ಬಾಗಿಲು ತಟ್ಟುತ್ತಾನೆ. ಓದುಗರನ್ನು ಸೆಳೆಯಲು ಇದಕ್ಕಿಂತ ಅಗ್ಗದ ಉಪಾಯ ನನಗೆ ಗೊತ್ತಿಲ್ಲ. ಹುಡುಕುವವರಲ್ಲಿ ಹಲವರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಾರೆ ಎಂಬುದನ್ನು ನೆನಪಿಟ್ಟು, ಊರಿನ ಹೆಸರನ್ನು ಎರಡೂ ಲಿಪಿಯಲ್ಲಿ ಕೊಟ್ಟರೆ ಇನ್ನೂ ಒಳ್ಳೆಯದು.

1844ರ ಜನವರಿ

ಪತ್ರಿಕೆ ಆರು ತಿಂಗಳು ಪೂರೈಸಿದ ಹೊತ್ತಿಗೆ ಮಂಗಳೂರಿನಲ್ಲಿ ಒಂದು ಘಟನೆ ನಡೆಯಿತು. ಮಿಷನ್ನಿನ ಶಾಲೆಯಲ್ಲಿ ಓದುತ್ತಿದ್ದ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ಕ್ರೈಸ್ತನಾದ. ಮೊಗ್ಲಿಂಗರ ಹೆಸರನ್ನೂ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯ ಎನಿಸಿಕೊಂಡ. ಊರು ಅಲ್ಲೋಲಕಲ್ಲೋಲವಾಯಿತು.

ಪತ್ರಿಕೆಯ ಚರಿತ್ರೆ ಬರೆಯುವವರು ಇದನ್ನು ಮಿಷನ್ನಿನ ಚರಿತ್ರೆಗೆ ಸೇರಿಸಿ ಬಿಟ್ಟುಬಿಡುತ್ತಾರೆ. ನನಗೆ ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು ಅನ್ನಿಸುತ್ತದೆ. ಓದುಬರಹ ಬಲ್ಲ, ಕಚೇರಿಯಲ್ಲೂ ವ್ಯಾಪಾರದಲ್ಲೂ ಇದ್ದ ಸಮುದಾಯವೇ ಆ ಕಾಗದದ ಸಹಜ ಓದುಗ ವರ್ಗ. ಅದೇ ಸಮುದಾಯದ ಮನೆಯೊಂದರಲ್ಲಿ ಈ ಗಲಭೆ. ಸುದ್ದಿ ಕೊಡುವವನೇ ಈಗ ಊರಿನ ಅತಿ ದೊಡ್ಡ ಸುದ್ದಿಯ ಒಂದು ಕಕ್ಷಿ. ಊರ ವರ್ತಮಾನ ಬರೆಯುವವನು ಊರಿನ ಜಗಳದಲ್ಲಿ ಪಕ್ಷ ಹಿಡಿದ ಮೇಲೆ ಅವನ ಉಳಿದ ಸಾಲುಗಳನ್ನೂ ಜನ ಬೇರೆ ಕಣ್ಣಿನಿಂದ ಓದುತ್ತಾರೆ. ಸುಬುದ್ಧಿ ಎಂಬ ವಿಭಾಗವನ್ನಂತೂ ಹೇಳುವುದೇ ಬೇಡ. ಪತ್ರಿಕೆ ಮಂಗಳೂರು ಬಿಟ್ಟದ್ದಕ್ಕೆ ಚರಿತ್ರೆಯಲ್ಲಿ ದಾಖಲಾದ ಕಾರಣ ಮುದ್ರಣ ಮತ್ತು ಪ್ರಸಾರದ್ದು, ಅದು ಸರಿಯಾದ ಕಾರಣವೇ. ಆದರೆ ಫೆಬ್ರವರಿಯಲ್ಲಿ ಆ ಕಾಗದ ಹಿಡಿದ ಮಂಗಳೂರಿನವನು ಜುಲೈಯಲ್ಲಿ ಹಿಡಿದವನಂತೆ ಇರಲಿಲ್ಲ.

ಈಗಿನ ಊರ ಪುಟಗಳಿಗೂ ಈ ಗಂಡಾಂತರ ಬಿಟ್ಟಿಲ್ಲ. ನಡೆಸುವವನು ದೇವಸ್ಥಾನದ ಕಮಿಟಿಯಲ್ಲೋ ಪಂಚಾಯತಿಯಲ್ಲೋ ಒಂದು ಪಕ್ಷದಲ್ಲೋ ಇದ್ದೇ ಇರುತ್ತಾನೆ. ಸಣ್ಣ ಊರಿನಲ್ಲಿ ಎಲ್ಲಿಯೂ ಇಲ್ಲದವನು ಸಿಗುವುದೇ ಅಪರೂಪ. ಅದನ್ನು ಮೊದಲೇ ಹೇಳಿಬಿಟ್ಟು ಬರೆಯುವ ಕೆಲವರನ್ನು ನಾನು ಓದುತ್ತೇನೆ. ಹೇಳದೆ ಬರೆಯುವವರನ್ನು ಊರು ಹೇಗೂ ಕಂಡುಹಿಡಿಯುತ್ತದೆ.

ಘಟ್ಟ ಹತ್ತಿದ ಹೆಸರು

ಸಮಾಚಾರದ ಪ್ರತಿಗಳು ಮಂಗಳೂರಿನ ಹೊರಗೂ ಹೋಗುತ್ತಿದ್ದವು: ಹೊನ್ನಾವರ, ಶಿರಸಿ, ಹುಬ್ಬಳ್ಳಿ, ಶಿವಮೊಗ್ಗ, ತುಮಕೂರು, ಮೈಸೂರು, ಬಳ್ಳಾರಿ. ಕೇಳಲು ಹೆಮ್ಮೆಯ ಪಟ್ಟಿ. ನಕ್ಷೆಯ ಮೇಲೆ ಇಟ್ಟು ನೋಡಿದರೆ ತೊಡಕು ಕಾಣುತ್ತದೆ. ಹೊನ್ನಾವರ, ಶಿರಸಿ ಆಗ ಮಂಗಳೂರಿನ ಕಲೆಕ್ಟರನ ಕೆಳಗೇ ಇದ್ದವು. ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಹೋದದ್ದು 1862ರಲ್ಲಿ. ಅವರಿಗೆ ಕೆನರಾದ ನಿರೂಪ ತಮ್ಮದೇ ನಿರೂಪ. ಹುಬ್ಬಳ್ಳಿ ಮುಂಬಯಿ ಪ್ರಾಂತ್ಯ. ಶಿವಮೊಗ್ಗ, ತುಮಕೂರು, ಮೈಸೂರು ಕಮಿಷನರ್ ಮಾರ್ಕ್ ಕಬ್ಬನ್ ಆಡಳಿತ. ಬಳ್ಳಾರಿ ಮದರಾಸು ಪ್ರಾಂತ್ಯದ್ದೇ, ಜಿಲ್ಲೆ ಬೇರೆ. ಮಂಗಳೂರಿನಲ್ಲಿ ಕಾಗದ ಕೊಳ್ಳಿಸುತ್ತಿದ್ದ ಎರಡು ವಿಭಾಗಗಳು, ಊರ ವರ್ತಮಾನ ಮತ್ತು ನಿರೂಪ, ಘಟ್ಟದ ಮೇಲೆ ಹೆಚ್ಚಿನವರಿಗೆ ನಿರುಪಯೋಗಿ. ಅವರಿಗೆ ಉಳಿಯುವುದು ಸರ್ವರಾಜ್ಯ ವರ್ತಮಾನ, ಕಥೆ, ಸುಬುದ್ಧಿ.

ಸಾಗಣೆಯ ಖರ್ಚೂ ಸೇರಿತು. ರೈಲು ಮಂಗಳೂರಿಗೆ ಬಂದದ್ದು 1907ರಲ್ಲಿ. ದೇಶಕ್ಕೆಲ್ಲ ಒಂದೇ ದರದ ಅಂಚೆಚೀಟಿ 1854ರಲ್ಲಿ. 1843ರಲ್ಲಿ ಅಂಚೆ ಎಂದರೆ ದೂರ ಹೆಚ್ಚಿದಷ್ಟೂ ದರ ಹೆಚ್ಚು.

1844ರ ಮಾರ್ಚಿನಿಂದ ಪತ್ರಿಕೆ ಬಳ್ಳಾರಿಯಲ್ಲಿ ಅಚ್ಚಾಗತೊಡಗಿತು, ಹೆಸರು ‘ಕನ್ನಡ ಸಮಾಚಾರ’ ಎಂದಾಯಿತು. ಆಯ್ಕೆ ತಪ್ಪೆಂದು ಹೇಳಲಾಗದು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಿಂದ ಬಳ್ಳಾರಿಯಲ್ಲಿದ್ದವರು. ಕನ್ನಡ ಬೈಬಲ್ಲು ಅಚ್ಚಾದ ಊರು ಅದು, ಮೊಳೆ ಜೋಡಿಸುವ ಮುದ್ರಣಾಲಯ ಅಲ್ಲಿತ್ತು. ಹೆಚ್ಚು ಪ್ರತಿ, ಸ್ಪಷ್ಟ ಅಕ್ಷರ, ಕನ್ನಡ ಸೀಮೆಯ ನಡುಜಾಗ. ಕನ್ನಡ ಮಾತಾಡುವವರು ಮೂರು ನಾಲ್ಕು ಆಡಳಿತಗಳಲ್ಲಿ ಹಂಚಿಹೋಗಿದ್ದ ಕಾಲದಲ್ಲಿ, ರಾಜ್ಯ ಏಕೀಕರಣಕ್ಕೆ ಶತಮಾನಕ್ಕೂ ಮೊದಲು, ಇವರೆಲ್ಲ ಒಂದೇ ಓದುಗ ಬಳಗ ಎಂದು ತಲೆಬರಹದಲ್ಲೇ ಸಾರಿದ್ದು ಸಾಮಾನ್ಯ ಧೈರ್ಯವಲ್ಲ. ಒಬ್ಬ ಜರ್ಮನ್ ಅದನ್ನು ಮಾಡಿದ ಎಂಬುದು ಇನ್ನೊಂದು ಸೋಜಿಗ.

ಜನ ಓದುತ್ತಿದ್ದರೂ ಎರಡು ವರ್ಷ ತುಂಬುವ ಮೊದಲೇ ಪತ್ರಿಕೆ ನಿಂತಿತು. ನನ್ನ ತೀರ್ಮಾನ ಇಷ್ಟು: ಹೆಸರಿನಿಂದ ‘ಮಂಗಳೂರ’ ಹೋದಾಗ ಪತ್ರಿಕೆಗೆ ಓದುಗರು ಹೆಚ್ಚಾದರು, ತಪ್ಪು ಹಿಡಿಯಬಲ್ಲ ಓದುಗರು ಕಡಿಮೆಯಾದರು. ಬಳ್ಳಾರಿಯ ಓದುಗನಿಗೆ ಮಂಗಳೂರಿನ ಬಂದರೂ ಯುರೋಪೂ ಒಂದೇ ದೂರ. ಮಂಗಳೂರಿನವನಿಗೆ, ತನ್ನ ಊರಿನ ಸುದ್ದಿ ಘಟ್ಟ ಹತ್ತಿ ಹೋಗಿ ಅಚ್ಚಾಗಿ ಮತ್ತೆ ಇಳಿದು ಬರುವಷ್ಟರಲ್ಲಿ ಅದು ಸುದ್ದಿಯಾಗಿ ಉಳಿದಿರುವುದಿಲ್ಲ. ಎಲ್ಲರಿಗೂ ಸ್ವಲ್ಪ ಸ್ವಲ್ಪ ಬೇಕಾದ ಕಾಗದ ಯಾರಿಗೂ ಅಗತ್ಯದ ಕಾಗದ ಆಗುವುದಿಲ್ಲ. ಮೊದಲು ಸ್ವಂತ ಊರಿನ ಹೆಸರಲ್ಲಿ ಶುರುವಾಗಿ, ಸ್ವಲ್ಪ ಓದುಗರು ಕೂಡಿದ ಮೇಲೆ ‘ಕರಾವಳಿ’, ಆಮೇಲೆ ‘ಕರ್ನಾಟಕ’ ಎಂದು ಹೆಸರು ಹಿಗ್ಗಿಸಿ, ಕೊನೆಗೆ ಕಾಣದಾದ ಜಾಲತಾಣಗಳು ನಮ್ಮ ಕಣ್ಣಮುಂದೆಯೇ ಇವೆ.

ಆಮೇಲೆ

ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ 1851ರಲ್ಲಿ ಮೊಳೆ ಬಂತು. 1894ರಲ್ಲಿ ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾದದ್ದು ಅಲ್ಲಿಯೇ. ಮೊಗ್ಲಿಂಗ್ 1860ರಲ್ಲಿ ಜರ್ಮನಿಗೆ ಮರಳಿದರು, 1881ರಲ್ಲಿ ತೀರಿಕೊಂಡರು. ಸಮಾಚಾರಕ್ಕೆ ಅವರು ಮತ್ತೆ ಕೈಹಾಕಲಿಲ್ಲ.

ಊರ ವರ್ತಮಾನ ಬೇರೆಯವರ ಕೈಗೆ ಹೋಯಿತು. ಇಪ್ಪತ್ತನೆಯ ಶತಮಾನದಲ್ಲಿ ಮಂಗಳೂರಿನಿಂದ ಸ್ವದೇಶಾಭಿಮಾನಿ, ನವಭಾರತ ಬಂದವು. 1970ರ ಜನವರಿ 1ರಂದು ಮಣಿಪಾಲದಿಂದ ಉದಯವಾಣಿ ಹೊರಟಾಗ ಬೆಂಗಳೂರಿನ ಪತ್ರಿಕೆಗಳು ಬಸ್ಸಿನಲ್ಲಿ ಘಟ್ಟ ಇಳಿದು ಬರಬೇಕಿತ್ತು. ಅದು ಹಿಡಿದ ದಾರಿ ಹಳ್ಳಿ ಹಳ್ಳಿಯ ಬಿಡಿ ಸುದ್ದಿಗಾರರದ್ದು: ಶಾಲೆಯ ವಾರ್ಷಿಕೋತ್ಸವ, ಭಜನಾ ಮಂಡಳಿ, ಕುಸಿದ ಕಾಲುಸಂಕ, ಊರಿನವರ ಸಾವು. ಕೇಂದ್ರ ಕಚೇರಿ ಇರುವ ಊರಿಗಿಂತ ಓದುಗ ಇರುವ ಊರು ಮುಖ್ಯ ಎಂಬ ಲೆಕ್ಕ ಅದು.

ದಿನಪತ್ರಿಕೆಗೆ ತಲುಪಲಾಗದ್ದು ಇನ್ನೂ ಉಳಿದಿದೆ, ಒಬ್ಬನೇ ನಡೆಸುವ ಪುಟಕ್ಕೆ ಜಾಗ ಇರುವುದು ಅಲ್ಲಿ. ಉದಾಹರಣೆಗೆ ಮೆಸ್ಕಾಂನ ವಿದ್ಯುತ್ ನಿಲುಗಡೆ ಪ್ರಕಟಣೆ. ಅದರ ತುಂಬ 11 ಕೆ.ವಿ. ಫೀಡರುಗಳ (ಒಂದೊಂದು ಪ್ರದೇಶಕ್ಕೆ ಕರೆಂಟ್ ಒಯ್ಯುವ ಲೈನುಗಳ) ಹೆಸರು, ಓದುಗನಿಗೆ ಗೊತ್ತಿರುವುದು ತನ್ನ ಓಣಿಯ ಹೆಸರು. ತನ್ನ ಮನೆ ಯಾವ ಫೀಡರಿಗೆ ಸೇರುತ್ತದೆ ಎಂದು ಹೆಚ್ಚಿನವರಿಗೆ ತಿಳಿಯದು. ಲೈನ್‌ಮನ್‌ಗಳನ್ನು ಕೇಳಿ, ಒಂದು ವಾರ್ಡಿನ ಮಟ್ಟಿಗಾದರೂ ಯಾವ ಫೀಡರಿಗೆ ಯಾವ ಓಣಿ ಎಂದು ಒಂದು ಪಟ್ಟಿ ಮಾಡಿ, ಪ್ರಕಟಣೆ ಬಂದಾಗಲೆಲ್ಲ ಅದನ್ನು ಓಣಿಯ ಹೆಸರಿಗೆ ಬದಲಿಸಿ ಹಾಕುವ ಕೆಲಸ ಒಬ್ಬನಿಂದ ಆಗುವಂಥದ್ದೇ. ಬೆಳಿಗ್ಗೆ ಹತ್ತಕ್ಕೆ ಕರೆಂಟ್ ಹೋಗುತ್ತದೆ ಎಂದು ಬರೆದದ್ದು ಸರಿಯೋ ತಪ್ಪೋ ಎಂದು ಹತ್ತೂ ಐದಕ್ಕೆ ಇಡೀ ಓಣಿಗೆ ಗೊತ್ತಾಗುತ್ತದೆ.